ತಡಿಯಂಡಮೋಳಿನಲ್ಲಿ ಕಂಡದ್ದು ಅಳಿಲೋ, ಮಾರ್ಟೆನ್ನೋ?

ಕಾಡು–ಮೇಡು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮೇಡಂ, ದಸರಾ ರಜೆಯಲ್ಲಿ ಗೆಳೆಯರ ಜೊತೆ ಕೊಡಗಿನ ತಡಿಯಂಡಮೋಳ್ ಬೆಟ್ಟ ಹತ್ತಲು ಹೋಗಿದ್ದೆ. ಕಕ್ಕಬ್ಬೆ ಕಡೆಯಿಂದ, ನಾಲ್ಕುನಾಡು ಅರಮನೆ ದಾಟಿ ಹೋಗುವ ದಾರಿ. ಬೆಳಗ್ಗೆ ಎಂಟೂಕಾಲರ ಹೊತ್ತು, ಮಂಜು ಆಗಷ್ಟೇ ಸರಿಯುತ್ತಿತ್ತು. ನಾನು ಸ್ವಲ್ಪ ಮುಂದೆ ಹೋಗಿ, ಶೂ ಬಿಚ್ಚಿ ಉಂಬಳ ಕೀಳುತ್ತಾ ಕೂತಿದ್ದೆ. ಪಕ್ಕದ ಮರದಿಂದ ಒಂದು ಪ್ರಾಣಿ ತಲೆ ಕೆಳಗೆ ಮಾಡಿಕೊಂಡು ಇಳಿಯಿತು. ಹಿಂದೆಯೇ ಇನ್ನೊಂದು ಬಂತು. ಮೊದಲಿನದ್ದು ದಾರಿಯ ನಡುವೆ ನಿಂತು ನನ್ನನ್ನು ನೋಡಿತು. ಮೈ ಕಂದು, ಭುಜದ ಕಡೆ ಸ್ವಲ್ಪ ಕೆಂಪು. ಕಾಲು, ಬಾಲ ಕಪ್ಪು. ಗಂಟಲಿನಿಂದ ಎದೆವರೆಗೆ ಕಿತ್ತಳೆಗೆ ತಿರುಗಿದ ಹಳದಿ. ಬಾಲ ಸೇರಿಸಿ ಮೂರಡಿ ಇರಬಹುದು. ಆಮೇಲೆ ಎರಡೂ ಬೆನ್ನು ಬಾಗಿಸಿ ಕುಪ್ಪಳಿಸುತ್ತಾ ಕಾಡೊಳಗೆ ಹೋದವು. ಉದ್ದಕ್ಕೆ ಸಿಳ್ಳೆ ಹೊಡೆದದ್ದೂ ಕೇಳಿಸಿತು. ಫೋನ್ ಬ್ಯಾಗಿನಲ್ಲಿತ್ತು, ಫೋಟೊ ಸಿಗಲಿಲ್ಲ. ತಕ್ಷಣ ಅದನ್ನು ತೆಗೆದು, ಕಂಡದ್ದನ್ನೆಲ್ಲ ನೋಟ್ಸ್‌ನಲ್ಲಿ ಬರೆದಿಟ್ಟೆ. ಗೆಳೆಯರು ಅಳಿಲು ಅನ್ನುತ್ತಾರೆ. ಹೋಂಸ್ಟೇ ಯಜಮಾನರು ಮುಂಗುಸಿ ಅಂದರು. ಸಂಜೆ ಇಂಟರ್‌ನೆಟ್‌ನಲ್ಲಿ ನೋಡಿದರೆ ನೀಲಗಿರಿ ಮಾರ್ಟೆನ್ ಅನ್ನುವ, ನೀರುನಾಯಿಯ ಬಳಗದ ಪ್ರಾಣಿಯ ಚಿತ್ರ ಹಾಗೇ ಇದೆ. ನಂಬಬಹುದಾ?
— ಒಬ್ಬ ಚಾರಣಿಗ, ಬೆಂಗಳೂರು

ಉತ್ತರ: ನಂಬಬಹುದು. ನಾನಂತೂ ನಂಬಿದ್ದೇನೆ. ಆದರೆ ಇಂಟರ್‌ನೆಟ್‌ನ ಚಿತ್ರ ಹೊಂದುತ್ತದೆ ಅನ್ನುವ ಕಾರಣಕ್ಕಲ್ಲ. ಚಿತ್ರ ನೋಡುವ ಮೊದಲೇ ನೀವು ಬರೆದಿಟ್ಟಿರಲ್ಲ, ಅದಕ್ಕೆ. ನಿಮ್ಮ ಪತ್ರದಲ್ಲಿ ನನಗೆ ತುಂಬಾ ಹಿಡಿಸಿದ್ದು ಆ ಒಂದು ಸಾಲು.

ಈಗ ಒಂದೊಂದಾಗಿ ನೋಡೋಣ. ಮೊದಲು ನಿಮ್ಮ ಗೆಳೆಯರ ಅಳಿಲು. ಕೊಡಗಿನ ಕಾಡಿನಲ್ಲಿ ಕೆಂದಳಿಲು ಧಾರಾಳವಾಗಿದೆ. ದೊಡ್ಡದು, ಬಾಲವೇ ಮೈಗಿಂತ ಉದ್ದ, ಬಣ್ಣವೂ ಕೆಂಪು-ಕಪ್ಪು. ಅರೆಗಳಿಗೆ ಕಂಡರೆ ಯಾರಾದರೂ ತಬ್ಬಿಬ್ಬಾಗಬಹುದು. ತಲೆ ಕೆಳಗಾಗಿ ಮರ ಇಳಿಯುವುದು ಅದಕ್ಕೂ ಬರುತ್ತದೆ, ಹಾಗಾಗಿ ನಿಮ್ಮ ಆ ಗುರುತನ್ನು ನಾನು ಲೆಕ್ಕಕ್ಕೆ ಹಿಡಿಯುತ್ತಿಲ್ಲ. ಆದರೆ ಕೆಂದಳಿಲು ನೆಲಕ್ಕೆ ಬರುವುದೇ ಅಪರೂಪ. ಕೊಂಬೆಯಿಂದ ಕೊಂಬೆಗೆ ಇಪ್ಪತ್ತಡಿ ಹಾರಬಲ್ಲ ಪ್ರಾಣಿ ಉಂಬಳ ತುಂಬಿದ ದಾರಿಗೆ ಯಾಕೆ ಇಳಿಯಬೇಕು ಹೇಳಿ! ಇಳಿದರೂ ದಾರಿ ಮಧ್ಯೆ ನಿಂತು ಮನುಷ್ಯರನ್ನು ನೋಡುತ್ತಾ ಇರುವುದಿಲ್ಲ. ಅದರ ಎದೆ, ಹೊಟ್ಟೆ ತಿಳಿ ಕೆನೆಬಣ್ಣದ್ದು. ನೀವು ಬರೆದ ಕಿತ್ತಳೆ-ಹಳದಿ ಅದಕ್ಕಿಲ್ಲ.

ಇನ್ನು ಮುಂಗುಸಿ. ಹೋಂಸ್ಟೇ ಯಜಮಾನರು ಸುಮ್ನೆ ಹೇಳಿದ್ದಲ್ಲ, ಅವರ ಮಾತಿನಲ್ಲಿ ಹುರುಳಿದೆ. ನಮ್ಮ ಘಟ್ಟದಲ್ಲಿ ಪಟ್ಟೆಕತ್ತಿನ ಮುಂಗುಸಿ ಇದೆ. ಏಷ್ಯಾದ ಮುಂಗುಸಿಗಳಲ್ಲೇ ದೊಡ್ಡದು, ಕೆಂಪು ಮೈ, ಬಾಲದ ತುದಿ ಕಪ್ಪು, ಹಗಲಲ್ಲೇ ಓಡಾಡುತ್ತದೆ. ಹಳ್ಳದ ಬದಿಯಲ್ಲಿ ಏಡಿ ಹುಡುಕುತ್ತಾ ಹೋಗುವುದನ್ನು ತೋಟದವರೆಲ್ಲ ಕಂಡಿರುತ್ತಾರೆ. ಆದರೆ ಅದರ ಗುರುತು ಕತ್ತಿನ ಪಕ್ಕದ ಕಪ್ಪು ಪಟ್ಟೆ. ಮೈಕೂದಲು ಒರಟು, ಕಾಲು ಗಿಡ್ಡ, ನಡಿಗೆ ನೆಲಕ್ಕೆ ಅಂಟಿಕೊಂಡ ಹಾಗೆ. ಅದು ಮರದ ಕಾಂಡದಿಂದ ಇಳಿದು ಬರುವ ಪ್ರಾಣಿ ಅಲ್ಲ.

ಪುನುಗು ಬೆಕ್ಕು ಅಂತ ಇನ್ನೊಬ್ಬರು ಹೇಳಬಹುದು. ಮರ ಹತ್ತುವುದರಲ್ಲಿ ಅದು ನಿಪುಣ, ಆದರೆ ರಾತ್ರಿಯ ಪ್ರಾಣಿ. ಬೆಳಗ್ಗೆ ಎಂಟೂಕಾಲಕ್ಕೆ ಜೋಡಿಯಾಗಿ ಸುತ್ತುವುದಿಲ್ಲ. ನೀರುನಾಯಿಯ ಬೆನ್ನೂ ಓಡುವಾಗ ಬಾಗುತ್ತದೆ. ಆದರೆ ಅದರ ಬಾಲ ಬುಡದಲ್ಲಿ ದಪ್ಪ, ತುದಿಗೆ ಹೋಗುತ್ತಾ ಸಣ್ಣ. ಗಂಟಲು ಮಾಸಲು ಬಿಳಿ.

ಇವೆಲ್ಲ ಹೋದ ಮೇಲೆ ಉಳಿಯುವುದು ನೀಲಗಿರಿ ಮಾರ್ಟೆನ್. ನಿಮ್ಮ ನೋಟ್ಸ್ ಅದಕ್ಕೆ ಅಳತೆ ತೆಗೆದು ಹೊಲಿಸಿದಂತಿದೆ. ಮೂಗಿನಿಂದ ಬಾಲದ ಬುಡದವರೆಗೆ 55ರಿಂದ 65 ಸೆಂಟಿಮೀಟರ್, ಬಾಲ 40ರಿಂದ 45. ಕೂಡಿಸಿದರೆ ಹತ್ತಿರ ಹತ್ತಿರ ಒಂದು ಮೀಟರ್. ನಿಮ್ಮ ಮೂರಡಿ ಲೆಕ್ಕ ಸರಿಯಾಗಿದೆ. ತೂಕ ಎರಡು ಕಿಲೋ ಚಿಲ್ಲರೆ ಅಷ್ಟೆ. ಕಡುಕಂದು ಮೈ, ಮುಂಭಾಗದಲ್ಲಿ ಕೆಂಪು ಛಾಯೆ, ಗಂಟಲಲ್ಲಿ ಹಳದಿಯಿಂದ ಕಿತ್ತಳೆವರೆಗಿನ ಬಣ್ಣ. ಭುಜದ ಕೆಂಪನ್ನು ನೀವು ಬರೆದಿದ್ದೀರಿ. ಚಿತ್ರ ನೋಡಿ ಕತೆ ಕಟ್ಟುವವರು ಹಳದಿ ಗಂಟಲು ಬರೆಯುತ್ತಾರೆ, ಭುಜದ ಕೆಂಪನ್ನು ಮರೆಯುತ್ತಾರೆ.

ಒಂದೇ ಒಂದು ವಿಷಯ ನಾನು ಒಪ್ಪುವುದಿಲ್ಲ, ಆ ಸಿಳ್ಳೆ. ಪ್ರಾಣಿಯ ಬಾಯಿ ತೆರೆದದ್ದನ್ನು ನೀವು ನೋಡಿಲ್ಲ, ಶಬ್ದ ಕೇಳಿದ್ದೀರಿ ಅಷ್ಟೆ. ಘಟ್ಟದ ಕಾಡಿನಲ್ಲಿ ಬೆಳಗಿನ ಹೊತ್ತು ಮನುಷ್ಯರ ಹಾಗೆ ಉದ್ದಕ್ಕೆ, ರಾಗ ತಪ್ಪಿಸಿಕೊಂಡು ಸಿಳ್ಳೆ ಹಾಕುವ ಹಕ್ಕಿಯೊಂದಿದೆ, ಸಿಳ್ಳಾರ. ಅದರದ್ದೇ ಇರಬೇಕು. ನಿಮ್ಮ ನೋಟ್ಸ್‌ನಲ್ಲಿ ಆ ಸಾಲನ್ನು ಅಳಿಸಬೇಡಿ. ಪಕ್ಕದಲ್ಲಿ ‘ಶಬ್ದ ಎಲ್ಲಿಂದ ಬಂತೋ ನೋಡಲಿಲ್ಲ’ ಅಂತ ಸೇರಿಸಿ.

ನಾನು ಕೊಡಗಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದಾಗ ಮಕ್ಕಳನ್ನು ಬಸ್ಸಿನಲ್ಲಿ ತಲಕಾವೇರಿಗೆ ಕರೆದುಕೊಂಡು ಹೋಗಿದ್ದೆ. ಭಾಗಮಂಡಲ ದಾಟಿ ಏರು ಹತ್ತುವಾಗ ಒಂದು ಮಾರ್ಟೆನ್ ದಾರಿ ಬದಿಯ ಧರೆಯ ಮೇಲಿನಿಂದ ರಸ್ತೆಗೆ ಧುಮುಕಿತು. ಡ್ರೈವರ್ ಬ್ರೇಕ್ ಹಾಕಿದರು. ಅದು ಬಸ್ಸಿನ ಮುಂದೆ ನಾಲ್ಕು ನೆಗೆತ ನೆಗೆದು ಆಚೆ ಬದಿಯ ಪೊದೆಗೆ ಹೊಕ್ಕಿತು. ಬಸ್ಸೆಲ್ಲ ಗಲಾಟೆ. ನಾನು ಎದ್ದು ನಿಂತು, ‘ಯಾರೂ ಮಾತಾಡಬೇಡಿ, ಪುಸ್ತಕ ತೆಗೆಯಿರಿ, ಕಂಡದ್ದು ಬರೆಯಿರಿ’ ಅಂದೆ. ಹುಡುಗರಿಗೆ ಸಿಟ್ಟು ಬಂತು, ಪಿಕ್ನಿಕ್‌ನಲ್ಲೂ ಪರೀಕ್ಷೆಯಾ ಅಂತ. ಆದರೆ ಆ ಚೀಟಿಗಳನ್ನು ಒಟ್ಟಿಗೆ ಓದಿದಾಗ ತಮಾಷೆ ಗೊತ್ತಾಯಿತು. ಗಾತ್ರದ ವಿಷಯದಲ್ಲಿ ಒಬ್ಬರಿಗೊಬ್ಬರು ತಾಳೆಯಿಲ್ಲ. ಬೆಕ್ಕಿನಷ್ಟು ಅಂತ ಒಬ್ಬಳು, ನರಿಯಷ್ಟು ಅಂತ ಇನ್ನೊಬ್ಬ. ಬಾಲದ ಬಣ್ಣ ಕೂಡ ಕಪ್ಪು, ಕಂದು, ಬೂದು ಹೀಗೆ ಹಂಚಿಹೋಗಿತ್ತು. ಆದರೆ ಮುಂದಿನ ಸೀಟುಗಳಲ್ಲಿ ಕೂತವರೆಲ್ಲ ಗಂಟಲಿನ ಹಳದಿ ಬರೆದಿದ್ದರು. ಒಬ್ಬ ಹುಡುಗ ‘ಹಳದಿ ಮಫ್ಲರ್ ಸುತ್ತಿಕೊಂಡ ನಾಯಿಮರಿ’ ಅಂತ ಬರೆದಿದ್ದ. ಅವನಿಗೆ ಪ್ರಾಣಿಶಾಸ್ತ್ರದಲ್ಲಿ ಮಾರ್ಕ್ಸ್ ಯಾವಾಗಲೂ ಕಮ್ಮಿ. ನನ್ನ ಕೈಯಲ್ಲಿ ಉಳಿದ ಚೀಟಿ ಮಾತ್ರ ಅವನದ್ದೇ.

ಎಲ್ಲರೂ ಮೊದಲು ಮಾತಾಡಿಕೊಂಡಿದ್ದರೆ ಜೋರು ಬಾಯಿಯ ಒಬ್ಬ ‘ನರಿ’ ಅಂದಿರುತ್ತಿದ್ದ, ಉಳಿದವರೆಲ್ಲ ನರಿಯನ್ನೇ ಕಂಡಿರುತ್ತಿದ್ದರು. ಫೋನ್ ಇಲ್ಲದಿದ್ದರೆ ಪರವಾಗಿಲ್ಲ. ಐದು ನಿಮಿಷ ಯಾರ ಮಾತನ್ನೂ ಕೇಳದೆ ಬರೆದುಕೊಂಡರೆ ಅರ್ಧ ಫೋಟೊ ತೆಗೆದಷ್ಟೇ ಆಯಿತು.

ಫೋಟೊ ಇಲ್ಲದ ಈ ನೋಟದಿಂದ ಏನು ಪ್ರಯೋಜನ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 1851ರಲ್ಲಿ ಹಾರ್ಸ್‌ಫೀಲ್ಡ್ ಎಂಬವರು ಈ ಪ್ರಾಣಿಗೆ ವೈಜ್ಞಾನಿಕ ಹೆಸರಿಟ್ಟರು. ಅಲ್ಲಿಂದ ಇಲ್ಲಿಯವರೆಗೆ ಅದರ ಬಗ್ಗೆ ಸೇರಿದ ತಿಳಿವಳಿಕೆಯಲ್ಲಿ ಬಹುಪಾಲು ಹೀಗೆ ಆಕಸ್ಮಿಕವಾಗಿ ಕಂಡವರು ಬರೆದಿಟ್ಟದ್ದೇ. ಕಾರಣ ಸರಳ. ಹುಲಿ ಗಣತಿಯ ಕ್ಯಾಮೆರಾವನ್ನು ಕಾಡಿನ ದಾರಿ ಬದಿಯ ಮರಕ್ಕೆ ಮೊಣಕಾಲೆತ್ತರದಲ್ಲಿ ಕಟ್ಟುತ್ತಾರೆ. ಮಾರ್ಟೆನ್ ದಿನದ ಬಹಳ ಹೊತ್ತು ಅದರ ತಲೆ ಮೇಲೆ, ಕೊಂಬೆಗಳಲ್ಲಿ ಓಡಾಡುತ್ತಿರುತ್ತದೆ. ಹಕ್ಕಿ, ಇಲಿ, ಹಲ್ಲಿ, ಜೀರುಂಡೆ, ಹಣ್ಣು, ಜೇನು ಎಲ್ಲವೂ ಅದಕ್ಕೆ ಆಗುತ್ತದೆ. ಕೆಂದಳಿಲನ್ನೂ, ಪುಟ್ಟ ಜಿಂಕೆಯಂತೆ ಕಾಣುವ ಬರ್ಕವನ್ನೂ ಹಿಡಿದದ್ದು ದಾಖಲಾಗಿದೆ. ಎರಡು ಕಿಲೋ ತೂಗುವ ಪ್ರಾಣಿ ತನ್ನಷ್ಟೇ ತೂಕದ ಕೆಂದಳಿಲಿನ ಬೆನ್ನು ಹತ್ತುತ್ತದೆ ಅಂದರೆ ಅದರ ಧೈರ್ಯ ನೋಡಿ!

ಇದು ಇಡೀ ಭೂಮಿಯಲ್ಲಿ ಇರುವುದು ಪಶ್ಚಿಮ ಘಟ್ಟದಲ್ಲಿ ಮಾತ್ರ. ಅದೂ ಹೆಚ್ಚಾಗಿ ಕೊಡಗಿನಿಂದ ದಕ್ಷಿಣಕ್ಕೆ, ನೀಲಗಿರಿ, ಆನೆಮಲೆ ದಾಟಿ ಕೇರಳದ ತುದಿಯವರೆಗೆ, ತುಂಡು ತುಂಡಾಗಿ. ಜಗತ್ತಿನ ಜೀವಿಗಳ ಸ್ಥಿತಿಯ ಲೆಕ್ಕವಿಡುವ ಐಯುಸಿಎನ್ ಸಂಸ್ಥೆಯ ಪಟ್ಟಿಯಲ್ಲಿ ಅಪಾಯಕ್ಕೆ ಸಿಕ್ಕ ಪ್ರಾಣಿಗಳ ಸಾಲಿನಲ್ಲಿದೆ. ಹಾಗಾಗಿ ತಾರೀಖು, ಸಮಯ, ಎತ್ತರ, ಕಾಡಿನ ಬಗೆ ಇರುವ ಒಂದು ಒಳ್ಳೆಯ ಟಿಪ್ಪಣಿಗೂ ಬೆಲೆಯಿದೆ. 1,748 ಮೀಟರ್ ಎತ್ತರದ ಆ ಬೆಟ್ಟದಲ್ಲಿ ಶೋಲಾ ಅನ್ನುವ ನಿತ್ಯಹಸಿರು ಕಾಡು ಮುಗಿದು ಹುಲ್ಲು ಶುರುವಾಗುವ ಅಂಚು ನಿಮಗೆ ನೆನಪಿರಬೇಕು. ಅದಕ್ಕಿಂತ ಎಷ್ಟು ಕೆಳಗೆ ಕೂತಿದ್ದಿರಿ ಅನ್ನುವುದನ್ನೂ ಬರೆಯಿರಿ.

ಅದನ್ನು ಐನ್ಯಾಚುರಲಿಸ್ಟ್‌ಗೆ ಹಾಕಿ, ಜನ ತಾವು ಕಂಡ ಜೀವಿಗಳನ್ನು ದಾಖಲಿಸುವ ಜಾಲತಾಣ ಅದು. ಫೋಟೊ ಇಲ್ಲದ್ದಕ್ಕೆ ಅಲ್ಲಿ ಮೇಲಿನ ದರ್ಜೆ ಸಿಗುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಆ ವಲಯದ ಅರಣ್ಯ ಕಚೇರಿಗೂ ಒಂದು ಪುಟದ ಪತ್ರ ಕಳಿಸಿ.

ಇನ್ನೊಂದು ಮಾತು. ಪತ್ರದಲ್ಲಿ ನೀವು ಯಾವ ತಿರುವು, ಯಾವ ಹಳ್ಳ, ಯಾವ ಮರ ಅಂತೆಲ್ಲ ಬರೆದಿದ್ದಿರಿ. ಅದಕ್ಕೆ ನಾನೇ ಕತ್ತರಿ ಹಾಕಿದ್ದೇನೆ. ಐನ್ಯಾಚುರಲಿಸ್ಟ್ ಕೂಡ ಇಂಥ ಪ್ರಾಣಿಗಳ ಜಾಗವನ್ನು ಸುಮಾರು 20 ಕಿಲೋಮೀಟರ್ ಚೌಕದೊಳಗೆ ಮರೆಮಾಡಿ ತೋರಿಸುತ್ತದೆ. ನನಗೆ ಬೇಟೆಯವರಿಗಿಂತ ಜಾಸ್ತಿ ಭಯ ಇರುವುದು ಶನಿವಾರ ರಾತ್ರಿ ಬೆಂಗಳೂರು ಬಿಟ್ಟು ಭಾನುವಾರ ಬೆಳಗ್ಗೆ ಸ್ಪೀಕರ್ ಹಿಡಿದು ಬರುವವರದ್ದು. ನೀವು ಆ ಪೈಕಿ ಅಲ್ಲ ಅಂತ ಗೊತ್ತು. ಸ್ಪೀಕರ್ ಇದ್ದಿದ್ದರೆ ನಿಮಗೆ ಸಿಳ್ಳಾರನೂ ಕೇಳಿಸುತ್ತಿರಲಿಲ್ಲ.

ಪ್ರಶ್ನೆ: ನೀಲಗಿರಿ ಜಿಲ್ಲೆಯ ಬೆಟ್ಟವೊಂದರಲ್ಲಿ ನನ್ನ ತಂಗಿ ತೆಗೆದ ಫೋಟೊ ಕಳಿಸಿದ್ದೇನೆ. ಮಸುಕಾಗಿದೆ. ಫೋನಿನ ಆ್ಯಪ್ ಇದನ್ನು ಹಿಮಾಲಯದ ಹಳದಿಗಂಟಲಿನ ಮಾರ್ಟೆನ್ ಅನ್ನುತ್ತದೆ. ಅದು ಇಲ್ಲಿಗೆ ಹೇಗೆ ಬಂತು?
— ಓದುಗರು, ಮೈಸೂರು

ಉತ್ತರ: ಬಂದಿಲ್ಲ. ಹಳದಿಗಂಟಲಿನ ಮಾರ್ಟೆನ್ ಹಿಮಾಲಯದಿಂದ ಪೂರ್ವಕ್ಕೆ ಬರ್ಮಾ, ಮಲೇಷ್ಯಾ, ಕೊರಿಯಾ, ರಷ್ಯಾದ ಪೂರ್ವ ತುದಿವರೆಗೆ ಹಬ್ಬಿದೆ. ಅದರ ಚಿತ್ರಗಳು ರಾಶಿ ರಾಶಿ ಇವೆ. ನಮ್ಮದರ ಚಿತ್ರಗಳು ಬೆರಳೆಣಿಕೆ. ಆ್ಯಪ್ ತಾನು ಜಾಸ್ತಿ ಕಂಡಿರುವ ಮುಖವನ್ನೇ ಹೇಳುತ್ತದೆ. ನಿಮ್ಮ ತಂಗಿಯ ಫೋಟೊದಲ್ಲಿ ಗಂಟಲು ಚೆನ್ನಾಗಿ ಕಾಣುತ್ತದೆ, ತೆಗೆದ ಜಾಗ ಗೊತ್ತಿದೆ. ಅಷ್ಟು ಸಾಕು, ಇದು ನೀಲಗಿರಿ ಮಾರ್ಟೆನ್.

ಆದರೆ ಆ್ಯಪ್‌ನದ್ದು ಪೂರಾ ತಪ್ಪೂ ಅಲ್ಲ. ಎರಡೂ ಹತ್ತಿರದ ದಾಯಾದಿಗಳು. ನೋಡಲು ಅಷ್ಟು ಹೋಲುತ್ತವೆ. ನಮ್ಮದರ ತಲೆಬುರುಡೆ ಚಪ್ಪಟೆ, ಹಣೆಯಲ್ಲಿ ತಗ್ಗು, ಹಿಮಾಲಯದ್ದಕ್ಕೆ ಹಾಗಿಲ್ಲ. ಬುರುಡೆ ಮುಟ್ಟಿ ನೋಡಲು ಕಾಡಿನಲ್ಲಿ ಯಾರಿಗೂ ಸಾಧ್ಯವಿಲ್ಲ ಬಿಡಿ.

ನಿಮ್ಮ ಪ್ರಶ್ನೆಯ ಒಳಗೆ ನಿಜವಾದ ಪ್ರಶ್ನೆಯೊಂದಿದೆ. ಹಿಮಾಲಯದಲ್ಲೊಂದು, ಎರಡು ಸಾವಿರ ಕಿಲೋಮೀಟರ್ ಕೆಳಗೆ ಘಟ್ಟದಲ್ಲೊಂದು, ನಡುವೆ ಡೆಕ್ಕನ್ ಬಯಲಿನಲ್ಲಿ ಒಂದೂ ಇಲ್ಲ. ಇದು ಹೇಗೆ? ಈ ಒಗಟು ಮಾರ್ಟೆನ್‌ನದ್ದು ಮಾತ್ರವಲ್ಲ. ಬೆಟ್ಟದ ತೊರೆಗಳ ಮೀನು ನೋಡಿ ಸುಂದರ್ ಲಾಲ್ ಹೋರಾ ಎಂಬ ವಿಜ್ಞಾನಿ, ಹಿಂದೆ ಹವೆ ಇನ್ನೂ ತೇವವಾಗಿದ್ದ ಕಾಲದಲ್ಲಿ ಸಾತ್ಪುರ ಬೆಟ್ಟಸಾಲಿನ ದಾರಿ ಹಿಡಿದು ಜೀವಿಗಳು ಪೂರ್ವ ಹಿಮಾಲಯದ ಕಡೆಯಿಂದ ಘಟ್ಟಕ್ಕೆ ಬಂದಿರಬೇಕು ಎಂದು ವಾದಿಸಿದರು. ಆಮೇಲೆ ನಡುವಿನ ಕಾಡು ಒಣಗಿತು, ಇಲ್ಲಿನವು ಇಲ್ಲೇ ಉಳಿದವು. ಕೇಳಲು ಚೆನ್ನಾಗಿದೆ. ಮಾರ್ಟೆನ್‌ಗೂ ಇಂಥದ್ದೇ ಏನೋ ಆಗಿರಬೇಕು ಅಂತ ನನಗೂ ಅನ್ನಿಸುತ್ತದೆ.

ಆದರೆ ಹೋಲಿಕೆ ನೋಡಿ ನೆಂಟಸ್ತಿಕೆ ಹೇಳುವುದರಲ್ಲಿ ಅಪಾಯವೂ ಇದೆ. ನೀಲಗಿರಿ ತಾರ್ ಅನ್ನುವ ಬೆಟ್ಟದ ಮೇಕೆ ಗೊತ್ತಲ್ವಾ? ಅದನ್ನೂ ಹಿಮಾಲಯದ ತಾರ್‌ನ ತಮ್ಮ ಅಂತಲೇ ಬಹಳ ವರ್ಷ ಪುಸ್ತಕಗಳು ಹೇಳಿದವು. 2005ರಲ್ಲಿ ಡಿಎನ್ಎ ನೋಡಿದರೆ ಅದು ಕುರಿಗಳ ಕಡೆಗೆ ಹತ್ತಿರ, ಹಿಮಾಲಯದ ತಾರ್ ಮೇಕೆಗಳ ಕಡೆಗೆ. ಈಗ ಅದಕ್ಕೆ ಬೇರೆಯದೇ ಕುಲ ಕೊಟ್ಟಿದ್ದಾರೆ. ನಮ್ಮ ಮಾರ್ಟೆನ್ ಮಾತ್ರ ಹಿಮಾಲಯದ್ದರ ನೆಂಟಸ್ತಿಕೆ ಬಿಟ್ಟಿಲ್ಲ.

ತಂಗಿಗೆ ಹೇಳಿ, ಫೋಟೊ ಮಸುಕಾಗಿದ್ದರೂ ‘ಮ್ಯಾಮಲ್ಸ್ ಆಫ್ ಇಂಡಿಯಾ’ ತಾಣಕ್ಕೆ ಕಳಿಸಲಿ. ಬಣ್ಣ ತಿದ್ದಬೇಡಿ, ಕತ್ತರಿಸಬೇಡಿ, ಫೋನಿನಲ್ಲಿ ಇರುವ ಮೂಲವನ್ನೇ ಕಳಿಸಿ.

ಪ್ರಶ್ನೆ: ಅಕ್ಕಾ, ನಮ್ಮದು ಭಾಗಮಂಡಲದ ಹತ್ತಿರ ಸಣ್ಣ ತೋಟ. ಜೇನುಪೆಟ್ಟಿಗೆ ಇಟ್ಟಿದ್ದೇನೆ. ಯಾವುದೋ ಪ್ರಾಣಿ ಎರಡು ಸಲ ಮುಚ್ಚಳ ಬೀಳಿಸಿ ಜೇನಿನ ಎರಿ ಕಿತ್ತು ಹಾಕಿದೆ. ಪಕ್ಕದ ಮನೆಯವರು ಮರ ಹತ್ತುವ ಹಳದಿ ಕುತ್ತಿಗೆಯ ಪ್ರಾಣಿ ನೋಡಿದ್ದಾರಂತೆ. ಉರುಳು ಕಟ್ಟು ಅನ್ನುತ್ತಾರೆ. ನಿಮ್ಮ ಸಲಹೆ?
— ಒಬ್ಬ ಕೃಷಿಕ, ಕೊಡಗು

ಉತ್ತರ: ಉರುಳು ಬೇಡವೇ ಬೇಡ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ, ಜಾಮೀನಿಗೆ ಓಡಾಡುವ ಖರ್ಚು ಜೇನಿನ ದುಡ್ಡಿಗಿಂತ ಜಾಸ್ತಿ. ಅಲ್ಲದೆ ಉರುಳಿಗೆ ಬೀಳುವುದು ನಿಮ್ಮ ಕಳ್ಳನೇ ಅನ್ನುವ ಗ್ಯಾರಂಟಿ ಇಲ್ಲ. ಪಕ್ಕದ ಮನೆ ನಾಯಿ ಬಿದ್ದರೆ ಆಮೇಲೆ ಮಾತು ಬಿಡುವ ಸಂಬಂಧ.

ಮೊದಲು ಕಳ್ಳ ಯಾರು ಅಂತ ನೋಡಿ. ಸಂಜೆ ಪೆಟ್ಟಿಗೆ ಸರಿಯಿದ್ದು ಬೆಳಗ್ಗೆ ಬಿದ್ದಿದ್ದರೆ ಮಾರ್ಟೆನ್ ಮೇಲಿನ ಅನುಮಾನ ಕಮ್ಮಿ ಮಾಡಿ, ಅದು ಹಗಲಿನ ಗಿರಾಕಿ. ರಾತ್ರಿಯಾದರೆ ಪುನುಗು. ಪೆಟ್ಟಿಗೆಯೇ ಚೂರಾಗಿ, ಸ್ಟ್ಯಾಂಡ್ ಸಮೇತ ಉರುಳಿದ್ದರೆ ಕರಡಿ. ಬೆಳಗ್ಗೆ ಹತ್ತರಿಂದ ಸಂಜೆಯೊಳಗೆ ಮುಚ್ಚಳ ಬಿದ್ದು, ಪೆಟ್ಟಿಗೆ ನಿಂತಲ್ಲೇ ಇದ್ದು, ಎರಿ ಮಾತ್ರ ಹರಿದಿದ್ದರೆ ನೆರೆಯವರ ಮಾತು ನಿಜವಿರಬಹುದು. ಮಾರ್ಟೆನ್‌ಗೆ ಜೇನೆಂದರೆ ಪ್ರಾಣ.

ಮುಚ್ಚಳದ ಮೇಲೆ ಕಲ್ಲು ಇಡುವುದು ಎಲ್ಲರ ರೂಢಿ. ಕಲ್ಲು ಗಾಳಿಗೆ ಸರಿ, ಕೈಯಿರುವ ಪ್ರಾಣಿಗೆ ಸಾಲದು. ಸಂಸಾರ ಕೋಣೆ, ಜೇನು ಕೋಣೆ, ಮುಚ್ಚಳ ಮೂರನ್ನೂ ಸೇರಿಸಿ ಹಳೆ ಸೈಕಲ್ ಟ್ಯೂಬು ಎಳೆದು ಕಟ್ಟಿ, ಅಥವಾ ಲಾರಿಯವರು ಹೊರೆ ಬಿಗಿಯುವ ಪಟ್ಟಿ ಹಾಕಿ. ಮರದ ಸ್ಟ್ಯಾಂಡ್ ತೆಗೆದು ಕಬ್ಬಿಣದ ಕಂಬ ನಿಲ್ಲಿಸಿ, ಮಧ್ಯದಲ್ಲಿ ನುಣುಪು ತಗಡನ್ನು ಕೊಡೆಯ ಆಕಾರದಲ್ಲಿ ಸುತ್ತಿ. ಉಗುರು ಊರಲು ಜಾಗ ಸಿಗಬಾರದು. ಆಮೇಲೆ ತಲೆಯೆತ್ತಿ ನೋಡಿ. ಮೇಲಿನಿಂದ ಸಿಲ್ವರ್ ಓಕ್‌ನ ಕೊಂಬೆ ಪೆಟ್ಟಿಗೆಯ ತನಕ ಬಾಗಿದ್ದರೆ ಈ ತಗಡಿನ ಕೆಲಸವೆಲ್ಲ ದಂಡ. ನೆಲದ ಕಡೆ ಕೋಟೆ ಕಟ್ಟಿ ಮೇಲೆ ಬಾಗಿಲು ತೆರೆದಿಟ್ಟವರನ್ನು ನಾನು ತುಂಬಾ ಜನ ನೋಡಿದ್ದೇನೆ.

ಕಷ್ಟ ಗೊತ್ತು. ತುಡುವೆ ಜೇನಿನ ಸಂಸಾರ ಒಂದು ಹಾರಿಹೋದರೆ ಮತ್ತೆ ಕೂರಿಸುವುದು ಸುಲಭವಲ್ಲ. ಆದರೆ ನಿಮ್ಮ ತಂದೆಯವರನ್ನು ಕೇಳಿ. 1990ರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ ಬಂದು ದಕ್ಷಿಣದ ತುಡುವೆ ಪೆಟ್ಟಿಗೆಗಳನ್ನು ಸಾಲಾಗಿ ಖಾಲಿ ಮಾಡಿತು. ಕೊಡಗಿನ ಜೇನಿಗೆ ಬಿದ್ದ ದೊಡ್ಡ ಏಟು ಅದು. ಮಾರ್ಟೆನ್ ಕದ್ದದ್ದು ಅದರ ಮುಂದೆ ಚಿಲ್ಲರೆ.

ಪಕ್ಕದ ಮನೆಯವರಿಗೆ ಹೇಳಿ, ಮುಂದಿನ ಸಲ ಕಂಡರೆ ಕೋವಿ ಹುಡುಕುವ ಬದಲು ಫೋನ್ ಹುಡುಕಲಿ. ತೋಟದಲ್ಲಿ ತೆಗೆದ ಒಂದು ಚಿತ್ರ ಕಳಿಸಿದರೆ ಈ ಅಂಕಣದಲ್ಲೇ ಹಾಕುತ್ತೇನೆ, ಊರಿನ ಹೆಸರು ಬಿಟ್ಟು.

ಪ್ರಶ್ನೆ: ಜೂನ್‌ನಲ್ಲಿ ಹಿಮಾಚಲದ ಸ್ಪಿತಿಗೆ ಹೋಗಿದ್ದೆವು. ಕಿಬ್ಬರ್ ಹಳ್ಳಿಯಿಂದ ನಡೆದು ಹೋಗುವಾಗ ಎದುರು ಗುಡ್ಡದ ಬಂಡೆಗಳ ನಡುವೆ ಉದ್ದ, ದಪ್ಪ ಬಾಲದ ಪ್ರಾಣಿ ಕಂಡಿತು. ಮಾಸಲು ಬಣ್ಣ, ಬಾಲದ ತುದಿ ಬಿಳಿ. ಹಿಮಚಿರತೆಯೇ ಅಂತ ನಮ್ಮ ಗುಂಪಿನವರೆಲ್ಲ ಹೇಳುತ್ತಿದ್ದೇವೆ. ಖಚಿತ ಮಾಡಿ ಹೇಳಿ.
— ನಿವೃತ್ತ ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ

ಉತ್ತರ: ಖಚಿತವಾಗಿಯೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ ಸರ್. ಅದು ಕೆಂಪು ನರಿ. ಬಾಲದ ತುದಿ ಬಿಳಿ ಅಂತ ನೀವೇ ಬರೆದಿದ್ದೀರಿ. ಅಲ್ಲಿನ ನರಿಯ ಸಹಿ ಅದು. ಹಿಮಚಿರತೆಯ ಬಾಲ ಹೆಚ್ಚೂಕಡಿಮೆ ಮೈಯಷ್ಟೇ ಉದ್ದ, ಬುಡದಿಂದ ತುದಿವರೆಗೆ ಒಂದೇ ದಪ್ಪ, ಮೇಲೆ ಕಪ್ಪು ಬಳೆ ಬಳೆಯ ಗುರುತು. ಬಿಳಿ ಕುಚ್ಚು ಇರುವುದಿಲ್ಲ. ಜೂನ್ ತಿಂಗಳೂ ನಿಮ್ಮ ಕಡೆಗಿಲ್ಲ. ಬೇಸಗೆಯಲ್ಲಿ ಐಬೆಕ್ಸ್ ಮತ್ತು ಭರಲ್ ಅನ್ನುವ ಬೆಟ್ಟದ ಮೇಕೆ-ಕುರಿಗಳು ಮೇಲಿನ ಹುಲ್ಲಿಗೆ ಹತ್ತುತ್ತವೆ, ಅವುಗಳ ಬೆನ್ನಿಗೆ ಹಿಮಚಿರತೆಯೂ ಹತ್ತುತ್ತದೆ. ಕಿಬ್ಬರ್ ಹತ್ತಿರ ಅದನ್ನು ನೋಡಿದವರು ಹೆಚ್ಚಿನಂಶ ಚಳಿಗಾಲದಲ್ಲಿ, ಜನವರಿ–ಫೆಬ್ರುವರಿಯ ಹಿಮದಲ್ಲಿ ಗಂಟೆಗಟ್ಟಲೆ ದುರ್ಬೀನು ಹಿಡಿದು ಕೂತವರು.

ಮಾರ್ಟೆನ್‌ಗೆ ಇಲ್ಲದ ಒಂದು ಅನುಕೂಲ ಹಿಮಚಿರತೆಗಿದೆ. ಮರವಿಲ್ಲದ ಸೀಮೆ, ಬಂಡೆ ಬದಿಯ ಸವೆದ ದಾರಿಯಲ್ಲೇ ಓಡಾಟ, ಒಂದೊಂದಕ್ಕೂ ಬೇರೆ ಬೇರೆ ಮಚ್ಚೆ. ಕ್ಯಾಮೆರಾಕ್ಕೆ ಸಿಕ್ಕಿಬೀಳುತ್ತದೆ. 2019ರಿಂದ 2023ರವರೆಗೆ ನಡೆದ ಮೊದಲ ದೇಶವ್ಯಾಪಿ ಗಣತಿಯಲ್ಲಿ 241 ಬೇರೆ ಬೇರೆ ಹಿಮಚಿರತೆಗಳ ಚಿತ್ರ ಸಿಕ್ಕಿತು. ಅದರಿಂದ ಲೆಕ್ಕ ಹಾಕಿ ಭಾರತದಲ್ಲಿ 718 ಇವೆ ಅಂತ ಅಂದಾಜು ಮಾಡಿದರು. ಅದರಲ್ಲಿ 477 ಲಡಾಖ್‌ನಲ್ಲೇ. ಹಿಮಾಚಲದಲ್ಲಿ 51. ಆ ಕೆಲಸದಲ್ಲಿ ಕೈಜೋಡಿಸಿದ ನೇಚರ್ ಕನ್ಸರ್ವೇಶನ್ ಫೌಂಡೇಶನ್ ನಮ್ಮ ಮೈಸೂರಿನದ್ದು. ಹಿಮ ಬೀಳದ ಊರಿನಲ್ಲಿ ಕೂತವರು ಹಿಮಚಿರತೆ ಎಣಿಸುತ್ತಾರೆ ಅಂತ ನನಗೆ ಒಂಥರಾ ಖುಷಿ.

ಗುಂಪಿನವರಿಗೆ ನಿಜ ಹೇಳುತ್ತೀರೋ, ಬಿಡುತ್ತೀರೋ, ಅದು ನಿಮಗೆ ಬಿಟ್ಟದ್ದು. ನಾಲ್ಕು ಸಾವಿರ ಮೀಟರ್ ಎತ್ತರದಲ್ಲಿ ನಿವೃತ್ತಿಯ ನಂತರ ನಡೆದು ಹೋಗಿ ನರಿ ನೋಡಿ ಬಂದದ್ದೂ ಸಣ್ಣ ಸಂಗತಿಯಲ್ಲ.

ಪ್ರಶ್ನೆ: ಮಾರ್ಟೆನ್ ಮನುಷ್ಯರ ಮೇಲೆ ಬೀಳುತ್ತದೆಯೇ? ಮಕ್ಕಳನ್ನು ಚಾರಣಕ್ಕೆ ಕರೆದುಕೊಂಡು ಹೋಗುವವರಿದ್ದೇವೆ.
— ಗೃಹಿಣಿ, ಹಾಸನ

ಉತ್ತರ: ಬೀಳುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗಿ. ಅವರಿಗೆ ಸುಣ್ಣ-ತಂಬಾಕಿನ ಪುಡಿ ಹಚ್ಚಿದ ಕಾಲುಚೀಲ ಹಾಕಿಸಿ, ಉಂಬಳದ ಕಾಟ ತಪ್ಪುತ್ತದೆ. ಕೊಡಗಿನ ಕಾಡುದಾರಿಯಲ್ಲಿ ಹೆದರಬೇಕಾದದ್ದು ಆನೆಗೆ. ಬಿಸಿ ಲದ್ದಿ ಕಂಡರೆ ಗೈಡ್ ಹೇಳಿದ ಹಾಗೆ ಕೇಳಿ, ಅವರು ವಾಪಸ್ ಅಂದರೆ ವಾಪಸ್.

ಪ್ರಶ್ನೆ: ಮಾರ್ಟೆನ್ ಗ್ಯಾರಂಟಿ ಕಾಣುವ ತಿಂಗಳು ಯಾವುದು? ಗ್ಯಾರಂಟಿ ತೋರಿಸುವ ಹೋಂಸ್ಟೇ ಇದ್ದರೆ ತಿಳಿಸಿ.
— ವನ್ಯಜೀವಿ ಛಾಯಾಗ್ರಾಹಕ, ಹುಬ್ಬಳ್ಳಿ

ಉತ್ತರ: ಅಂಥ ತಿಂಗಳಿಲ್ಲ. ಗ್ಯಾರಂಟಿ ಅಂತ ಯಾರಾದರೂ ಹೇಳಿದರೆ, ಕಂಡ ಮೇಲೆ ದುಡ್ಡು ಕೊಡುತ್ತೇನೆ ಅನ್ನಿ. ಆಮೇಲೆ ಅವರೇ ಫೋನ್ ಎತ್ತುವುದಿಲ್ಲ. ಕೊಡಗಿನ ಹೋಂಸ್ಟೇಗಳಲ್ಲಿ ಪಂದಿಕರಿ, ಕಡಂಬುಟ್ಟು ಮಾತ್ರ ಗ್ಯಾರಂಟಿ. ಅದನ್ನೂ ಹಿಂದಿನ ದಿನವೇ ಹೇಳಿರಬೇಕು.